ಇಂಕ್ ಪೆನ್ನಿಗೆ ಕೈ ಹಾಕುವವರಿಗೆ: ನಿಬ್ಬು, ಶಾಯಿ, ಹಾಳೆ, ನೀರು

‘ಯಾವ ಪೆನ್ನು ತಗೊಳ್ಳಲಿ? ಯಾವ ಇಂಕ್ ಹಾಕಲಿ? ಮೊದಲು ಚೆನ್ನಾಗಿ ಬರೀತಿತ್ತು, ಈಗ್ಯಾಕೆ ಬರೀತಿಲ್ಲ?’ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು ಈ ಮೂರೇ. ಮೊದಲೆರಡಕ್ಕೆ ಉತ್ತರ ಚಿಕ್ಕದು. ಮೂರನೆಯದು ಹಾಗಲ್ಲ. ಅದಕ್ಕೇ ಇಲ್ಲಿ ಪೆನ್ನು ಕೊಳ್ಳುವ ಮಾತಿಗಿಂತ ತೊಳೆಯುವ, ತುಂಬಿಸುವ, ಸೋರುವ ಮಾತೇ ಜಾಸ್ತಿ. ‘ಸರಿಯಿಲ್ಲ’ ಎಂದು ಮೂಲೆ ಸೇರಿದ ಪೆನ್ನುಗಳಲ್ಲಿ ಬಹುಪಾಲು ಕೆಟ್ಟಿರುವುದೇ ಇಲ್ಲ. ತಪ್ಪು ಹಾಳೆಯದೋ, ಒಳಗೆ ಒಣಗಿದ ಶಾಯಿಯದೋ, ತೊಳೆದ ನೀರಿನದೋ ಆಗಿರುತ್ತದೆ. ಆದ್ದರಿಂದ ಕೈಯಲ್ಲಿರುವ ದುಡ್ಡನ್ನೆಲ್ಲ ಪೆನ್ನಿಗೇ ಸುರಿಯಬೇಡಿ.

ಮೊದಲು ಪೆನ್ನಿನ ಒಳಗು ಗೊತ್ತಿರಲಿ. ನಿಬ್ಬಿನ ಮಧ್ಯೆ ಒಂದು ಸೀಳಿದೆ. ಸೀಳಿನ ಎರಡೂ ಪಕ್ಕದ ಕಾಲುಗಳು ತುದಿಯಲ್ಲಿ ಸೇರುವ ಕಡೆ ಗಟ್ಟಿ ಲೋಹದ ಪುಟ್ಟ ಗುಂಡು ಬೆಸೆದಿರುತ್ತಾರೆ. ಹಾಳೆಗೆ ತಾಗುವುದು ಅದೊಂದೇ. ನಿಬ್ಬಿನ ಅಡಿಗೆ ಅಂಟಿಕೊಂಡಿರುವ ಕಪ್ಪು ಭಾಗವೇ ಫೀಡ್. ಅದರ ಸಣ್ಣ ಕಾಲುವೆಗಳಲ್ಲಿ ಶಾಯಿ ಕೆಳಗಿಳಿಯುತ್ತದೆ, ಅಷ್ಟೇ ಗಾಳಿ ಮೇಲೇರುತ್ತದೆ. ಗಾಳಿ ಮೇಲೆ ಹೋಗದಿದ್ದರೆ ಶಾಯಿ ಕೆಳಗೆ ಬರುವುದಿಲ್ಲ. ಗಾಳಿ ವಿಪರೀತ ಹೋದರೆ ಶಾಯಿ ತೊಟ್ಟಿಕ್ಕುತ್ತದೆ. ಮುಂದೆ ಹೇಳುವ ತೊಂದರೆಗಳಲ್ಲಿ ಅರ್ಧಕ್ಕೆ ಕಾರಣ ಇದೇ. ಬೆರಳು ಹಿಡಿಯುವ ಭಾಗಕ್ಕೆ ಸೆಕ್ಷನ್, ಹಿಂದಿನ ಉದ್ದ ಕೊಳವೆಗೆ ಬ್ಯಾರೆಲ್ ಎನ್ನುತ್ತಾರೆ.

1. ನಿಬ್ಬಿನ ಗಾತ್ರ ಗೊತ್ತುಮಾಡಿಕೊಳ್ಳಿ

ನಿಬ್ಬಿನ ಮೇಲೆ ಇಎಫ್, ಎಫ್, ಎಂ, ಬಿ ಎಂದು ಕೊರೆದಿರುತ್ತಾರೆ. ಅತಿ ಸಣ್ಣ, ಸಣ್ಣ, ಮಧ್ಯಮ, ದಪ್ಪ ಎಂದು ಅರ್ಥ. ಈ ಅಳತೆ ಎಲ್ಲ ಕಡೆ ಒಂದೇ ಅಲ್ಲ. ಜಪಾನಿನ ‘ಎಫ್’ ಎಳೆಯುವ ಗೆರೆ ಯುರೋಪಿನ ‘ಎಫ್’ಗಿಂತ ಹೆಚ್ಚುಕಡಿಮೆ ಒಂದು ಮೆಟ್ಟಿಲು ಸಣ್ಣ. ಜಪಾನಿನ ‘ಎಂ’ ಕೊಂಡರೆ ಯುರೋಪಿನ ‘ಎಫ್’ ಕೊಂಡಂತೆಯೇ.

ಇಂಗ್ಲಿಷ್ ಬರೆಯುವವರು ಕೊಡುವ ಸಲಹೆ ಇಲ್ಲಿ ನಮಗೆ ನಡೆಯುವುದಿಲ್ಲ. ‘ಮೀಡಿಯಂ ತಗೊಳ್ಳಿ, ನುಣುಪಾಗಿರುತ್ತೆ’ ಎನ್ನುತ್ತಾರೆ. ನುಣುಪು ನಿಜ. ಆದರೆ ಮಾಮೂಲಿ ನೋಟ್‌ಬುಕ್ಕಿನ ಎರಡು ಗೆರೆಗಳ ನಡುವೆ 7–8 ಮಿ.ಮೀ. ಜಾಗ. ಅಷ್ಟರಲ್ಲೇ ನಮ್ಮ ತಲೆಕಟ್ಟು, ಅಕ್ಷರ, ಕೆಳಗಿನ ಒತ್ತು, ಕೆಲವೊಮ್ಮೆ ಒತ್ತಿಗೊಂದು ಒತ್ತು, ಎಲ್ಲ ಕೂರಬೇಕು. ದಪ್ಪ ನಿಬ್ಬಿನಲ್ಲಿ ‘ಧ’, ‘ಢ’, ‘ಭ’ಗಳ ಹೊಟ್ಟೆಯ ಸೀಳು ಮುಚ್ಚಿಹೋಗಿ ‘ದ’, ‘ಡ’, ‘ಬ’ ಆಗಿಬಿಡುತ್ತವೆ. ‘ಷ’ದ ಒಳಗಿನ ಗೆರೆ ಕಾಣದೆ ‘ಪ’ ಆಗುತ್ತದೆ. ‘ಖ’, ‘ಞ’ಗಳ ಸುರುಳಿಯೊಳಗೆ ಶಾಯಿ ನಿಂತು ಬರೀ ಚುಕ್ಕೆ ಉಳಿಯುತ್ತದೆ.

ಕನ್ನಡವನ್ನೇ ಹೆಚ್ಚು ಬರೆಯುವವರು ಯುರೋಪಿನ ಅಥವಾ ನಮ್ಮ ದೇಶದ ‘ಎಫ್’, ಇಲ್ಲವೇ ಜಪಾನಿನ ‘ಎಫ್’ ಅಥವಾ ‘ಎಂ’ನಿಂದ ಶುರುಮಾಡಿ. ಅಕ್ಷರ ತೀರ ಪುಟ್ಟದಾಗಿದ್ದರೆ ಇಎಫ್. ಸಹಿಗೆ, ಲಗ್ನಪತ್ರಿಕೆಯ ಮೇಲೆ ಹೆಸರು ಬರೆಯುವುದಕ್ಕೆ ‘ಎಂ’ ಚೆಂದ. ತುದಿ ಚಪ್ಪಟೆಯಾಗಿ ಕತ್ತರಿಸಿದ ಸ್ಟಬ್ ನಿಬ್ಬಿನ ಆಸೆ ಆರು ತಿಂಗಳು ಬಿಟ್ಟು ಬರಲಿ.

ಇನ್ನೊಂದು ವಿಷಯ. ನಮ್ಮ ಅಕ್ಷರಗಳು ಗುಂಡಗೆ. ನಿಬ್ಬು ಕೆಳಕ್ಕೆ ಎಳೆದಷ್ಟೇ ಸಲ ಮೇಲಕ್ಕೆ, ಎಡಕ್ಕೆ ತಳ್ಳಿಸಿಕೊಳ್ಳುತ್ತದೆ. ತುದಿಯ ಒಂದು ಪಕ್ಕ ಚೂರು ಒರಟಾಗಿದ್ದರೂ ಕೈಗೆ ಬೇಗ ಗೊತ್ತಾಗುತ್ತದೆ. ಆದ್ದರಿಂದ ಪೆನ್ನು ನೋಡುವಾಗ ಬರೀ ಸಹಿ ಹಾಕಿ ತೃಪ್ತಿಪಡಬೇಡಿ. ಸಹಿ ಕೈಗೆ ರೂಢಿಯಾಗಿರುವುದರಿಂದ ಯಾವ ಪೆನ್ನಿನಲ್ಲೂ ಓಡುತ್ತದೆ. ನಿಮ್ಮ ಎಂದಿನ ಗಾತ್ರದಲ್ಲಿ ‘ಲಕ್ಷ್ಮೀ’, ‘ರಾಷ್ಟ್ರ’, ‘ಧಾರ್ಷ್ಟ್ಯ’ ಬರೆಯಿರಿ. ಆಮೇಲೆ ಇಂಗ್ಲಿಷಿನ 8ರ ಆಕಾರವನ್ನು ಅಡ್ಡಡ್ಡವಾಗಿ, ಕೈ ಎತ್ತದೆ, ಎರಡೂ ದಿಕ್ಕಿನಲ್ಲಿ ಹತ್ತು ಸುತ್ತು ಎಳೆಯಿರಿ. ಒಂದೇ ದಿಕ್ಕಿನಲ್ಲಿ ಕೆರೆದರೆ ನಿಬ್ಬಿನ ಕಾಲು ಮೇಲೆ ಕೆಳಗಾಗಿದೆ ಎಂದು ತಿಳಿಯಿರಿ.

2. ಶಾಯಿ ತುಂಬುವ ಬಗೆ ಆರಿಸಿ

ಕಾರ್ಟ್ರಿಜ್ ಎಂದರೆ ಶಾಯಿ ತುಂಬಿಯೇ ಬರುವ ಪ್ಲಾಸ್ಟಿಕ್ ಕೊಳವೆ. ಖಾಲಿಯಾದರೆ ಎಸೆದು ಹೊಸದು ಚುಚ್ಚಬೇಕು. ಸುಲಭವೇನೋ ಹೌದು, ಆದರೆ ಪಾರ್ಕರ್, ಲಾಮಿ, ಪೈಲಟ್ ಒಂದೊಂದಕ್ಕೂ ಅದರದೇ ಅಳತೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಊರಿನಲ್ಲಿ ಸಿಗದ ಕಾರ್ಟ್ರಿಜ್‌ನ ಪೆನ್ನು ಕೊಂಡರೆ ಒಂದೇ ತಿಂಗಳಲ್ಲಿ ಡ್ರಾಯರ್ ಸೇರುತ್ತದೆ.

ಕನ್ವರ್ಟರ್ ಅದೇ ಜಾಗದಲ್ಲಿ ಕೂರುವ, ಬಾಟಲಿಯಿಂದ ಶಾಯಿ ಎಳೆಯುವ ಪುಟ್ಟ ಪಂಪು. ಹಿಡಿಯುವುದು ಅರ್ಧದಿಂದ 1 ಮಿ.ಲೀ. ಹೊಸಬರಿಗೆ ಇದೇ ಸರಿ. ಪೆನ್ನಿನ ಜೊತೆಗೇ ಕೊಡುತ್ತಾರೋ ಬೇರೆ ಕೊಳ್ಳಬೇಕೋ ಎಂದು ಅಂಗಡಿಯಲ್ಲೇ ಕೇಳಿ.

ಬ್ಯಾರೆಲ್ಲಿಗೇ ನೇರವಾಗಿ ಫಿಲ್ಲರ್‌ನಿಂದ ಶಾಯಿ ಬಿಡುವ ಹಳೇ ಬಗೆಗೆ ಐಡ್ರಾಪರ್ ಎನ್ನುತ್ತಾರೆ. ಶಾಲೆಯ ದಿನಗಳಲ್ಲಿ ಬಹಳ ಜನ ಬಳಸಿದ್ದು ಇದನ್ನೇ. 2ರಿಂದ 4 ಮಿ.ಲೀ. ಹಿಡಿಯುತ್ತದೆ, ವಾರಗಟ್ಟಲೆ ಬರೆಯಬಹುದು. ಸೋರುವ ಸಾಧ್ಯತೆಯೂ ಇದಕ್ಕೇ ಹೆಚ್ಚು. ಬ್ಯಾರೆಲ್ಲಿನ ಹಿಂಬದಿ ತಿರುಗಿಸಿ ತುಂಬುವ ಪಿಸ್ಟನ್ ಪೆನ್ನುಗಳೂ ಇವೆ. ಒಳ್ಳೆಯವೇ, ಆದರೆ ಒಳಗೆಲ್ಲ ತೊಳೆಯಲು ಹೊತ್ತು ಹಿಡಿಯುತ್ತದೆ.

3. ಪೆನ್ನು ಕೊಳ್ಳಿ

500 ರೂಪಾಯಿಯೊಳಗೆ ಶುರುಮಾಡಬಹುದು. ಪಾರ್ಕರ್ ವೆಕ್ಟರ್, ಕ್ಯಾಮ್ಲಿನ್‌ನ ಶಾಲಾ ಪೆನ್ನು, ಇವು ಸಾಕು. ಇನ್ನಷ್ಟು ಖರ್ಚು ಮಾಡುವುದಾದರೆ ಪೈಲಟ್‌ನ ಕಕೂನೊ ಅಥವಾ ಮೆಟ್ರೊಪಾಲಿಟನ್, ಲಾಮಿ ಸಫಾರಿ ನೋಡಿ. ಸಫಾರಿಯ ಸೆಕ್ಷನ್ ಗುಂಡಗಿಲ್ಲ, ಬೆರಳಿಗೆಂದು ಚಪ್ಪಟೆ ಮಾಡಿದ ಜಾಗಗಳಿವೆ. ಬೆರಳು ಅಲ್ಲೇ ಕೂರಬೇಕು; ನೀವು ಪೆನ್ನು ಹಿಡಿಯುವ ರೀತಿ ಬೇರೆಯಾಗಿದ್ದರೆ ಅದು ಸುಖವಿಲ್ಲ. ರಾಜಮಹೇಂದ್ರಿಯ ರತ್ನಂ, ತಮಿಳುನಾಡಿನ ರಂಗ, ಇಂಥವರು ಕೈಯಲ್ಲೇ ಕಡೆದು ಮಾಡುವ ಎಬೊನೈಟ್ ಪೆನ್ನುಗಳು ಎರಡನೆಯ ಪೆನ್ನಿಗೆ ಒಳ್ಳೆಯ ಆಯ್ಕೆ. ಎಬೊನೈಟ್ ಎಂದರೆ ಗಂಧಕ ಸೇರಿಸಿ ಗಟ್ಟಿಮಾಡಿದ ರಬ್ಬರು. ಹೊಸತರಲ್ಲಿ ವಾಸನೆ ಬಂದರೆ ಗಾಬರಿಯಾಗಬೇಡಿ.

ಮೈಸೂರಿನ ದೇವರಾಜ ಅರಸು ರಸ್ತೆ, ಶಿವರಾಂಪೇಟೆ, ಮಂಡ್ಯದ ಪೇಟೆಬೀದಿ ಕಡೆಯ ಹಳೇ ಸ್ಟೇಷನರಿ ಅಂಗಡಿಗಳಲ್ಲಿ ಮೊದಲು ಕೇಳಿ ನೋಡಿ. ಆನ್‌ಲೈನ್‌ನಲ್ಲಿ ಬಣ್ಣ ಹೆಚ್ಚು ಸಿಗಬಹುದು, ಆದರೆ ನಿಬ್ಬನ್ನು ಕಣ್ಣಾರೆ ನೋಡಿ ಕೊಳ್ಳುವ ಅನುಕೂಲ ಅಲ್ಲಿಲ್ಲ. ಅಂಗಡಿಯಲ್ಲಿ ನೋಡಬೇಕಾದ್ದು ಇಷ್ಟು:

ನಿಬ್ಬಿನ ತುದಿಯನ್ನು ಕಣ್ಣಿಗೆ ನೇರವಾಗಿ ಹಿಡಿಯಿರಿ. ಎರಡು ಕಾಲೂ ಒಂದೇ ಮಟ್ಟದಲ್ಲಿರಬೇಕು. 10 ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು, ಒಂದು ಜೇಬಿನಲ್ಲಿದ್ದರೆ ಒಳ್ಳೆಯದು. ಸೀಳು ಮೇಲಿನಿಂದ ತುದಿಯವರೆಗೆ ನೇರವಾಗಿ, ತುದಿಗೆ ಬರುತ್ತಾ ಕಿರಿದಾಗಬೇಕು. ಫೀಡ್ ನಿಬ್ಬಿನ ಮಧ್ಯಕ್ಕೆ ಸರಿಯಾಗಿ, ಸಂದಿ ಬಿಡದೆ ಕೂತಿರಬೇಕು. ಮುಚ್ಚಳ ಹಾಕಿದಾಗ ಅಲ್ಲಾಡಬಾರದು. ಕೊನೆಗೆ ನಿಬ್ಬನ್ನು ಶಾಯಿಯಲ್ಲಿ ಅದ್ದಿ ಎರಡು ಸಾಲು ಬರೆಯಲು ಬಿಡುತ್ತಾರಾ ಕೇಳಿ. ನೆನಪಿರಲಿ, ಅದ್ದಿ ಬರೆದಾಗ ಯಾವ ಪೆನ್ನೂ ನಿಜಕ್ಕಿಂತ ಧಾರಾಳವಾಗಿ ಶಾಯಿ ಬಿಡುತ್ತದೆ. ಆಗ ಕಂಡ ದಪ್ಪವನ್ನು ನಂಬಬೇಡಿ, ನುಣುಪನ್ನು ಮಾತ್ರ ನೋಡಿ.

4. ಶಾಯಿ ಆರಿಸಿ

ಮೊದಲ ಬಾಟಲಿ ಮಾಮೂಲಿ ರಾಯಲ್ ಬ್ಲೂ ಆಗಿರಲಿ. ನೀರಿನಲ್ಲಿ ಕರಗುವ ಬಣ್ಣದಿಂದ ಮಾಡಿದ್ದು, ಸುಲಭವಾಗಿ ತೊಳೆದುಹೋಗುತ್ತದೆ, ಪೆನ್ನಿಗೆ ಕೆಡುಕಿಲ್ಲ. ಕ್ಯಾಮೆಲ್, ಚೆನ್ನೈನ ಬ್ರಿಲ್, 1934ರಲ್ಲಿ ಈಗಿನ ಬಾಂಗ್ಲಾದೇಶದ ರಾಜಶಾಹಿಯಲ್ಲಿ ಶುರುವಾಗಿ ಆಮೇಲೆ ಕೋಲ್ಕತ್ತಕ್ಕೆ ಬಂದ ಸುಲೇಖಾ, ಇವುಗಳಲ್ಲಿ ಯಾವುದಾದರೂ ಸರಿ. 60 ಮಿ.ಲೀ. ಬಾಟಲಿ ಒಂದು ತಂದರೆ, 0.6 ಮಿ.ಲೀ.ನ ಕನ್ವರ್ಟರ್ ಲೆಕ್ಕಕ್ಕೆ 100 ಸಲ ತುಂಬಬಹುದು. ತಳದ ಶಾಯಿ ನಿಬ್ಬಿಗೆ ಎಟುಕದೆ ಉಳಿಯುವುದರಿಂದ ಒಂದಿಷ್ಟು ಕಡಿಮೆ ಅನ್ನಿ. ಹಾಗಾಗಿ ಮೊದಲ ದಿನವೇ ಆರು ಬಣ್ಣ ತಂದಿಟ್ಟುಕೊಳ್ಳುವ ಅಗತ್ಯವಿಲ್ಲ. ಬಣ್ಣದ ಚಪಲ ಇದ್ದೇ ಇರುತ್ತದೆ. ಅದಕ್ಕೆ ಪಾಲಕ್ಕಾಡಿನ ಕೃಷ್ಣ ಶಾಯಿಗಳಂಥ ಚಿಕ್ಕ ಬಾಟಲಿಗಳನ್ನು ಆಮೇಲೆ ಕೊಳ್ಳಬಹುದು.

ಮೂರು ಬಗೆಯ ಶಾಯಿಗಳ ವಿಷಯದಲ್ಲಿ ಹುಷಾರಾಗಿರಿ. ಐರನ್ ಗಾಲ್ ಶಾಯಿಯಲ್ಲಿ ಕಬ್ಬಿಣದ ಲವಣ, ಮರದ ಒಗರಿನಿಂದ ಬರುವ ಟ್ಯಾನಿನ್ ಎರಡೂ ಇರುತ್ತವೆ. ಬರೆದ ಮೇಲೆ ಗಾಳಿಗೆ ಕಪ್ಪಾಗುತ್ತದೆ, ನೀರಿಗೆ ಹೋಗುವುದಿಲ್ಲ. ಹುಳಿ ಗುಣ ಇರುವುದರಿಂದ ಸ್ಟೀಲ್ ನಿಬ್ಬಿನಲ್ಲಿ ತಿಂಗಳುಗಟ್ಟಲೆ ಬಿಡಬಾರದು. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣ ಕರಗಿರುವುದಿಲ್ಲ, ನುಣ್ಣನೆಯ ಪುಡಿಯಾಗಿ ತೇಲುತ್ತಿರುತ್ತದೆ. ಫೀಡಿನಲ್ಲಿ ಒಣಗಿದರೆ ಬಿಡಿಸುವುದು ಕಷ್ಟ. ಮಿನುಗುವ ಶಾಯಿಯ ಚಮಕಿಯಂತೂ ಕಾಲುವೆಯಲ್ಲೇ ಠಿಕಾಣಿ ಹೂಡುತ್ತದೆ. ಇವೆಲ್ಲ ಪೆನ್ನು ಬಿಚ್ಚಿ ತೊಳೆಯಲು ಕಲಿತ ಮೇಲೆ.

ಪೆನ್ನಿಗೆ ಎಂದೂ ಹಾಕಬಾರದ್ದು: ಚಿತ್ರ ಬಿಡಿಸುವ ಡ್ರಾಯಿಂಗ್ ಇಂಕ್ ಅಥವಾ ಇಂಡಿಯನ್ ಇಂಕ್ (ಅಂಟು, ಅರಗು ಬೆರೆತಿರುತ್ತದೆ, ಒಣಗಿದರೆ ಪೆನ್ನಿನ ಕತೆ ಮುಗಿಯಿತು), ಸ್ಟಾಂಪ್ ಪ್ಯಾಡಿನ ಶಾಯಿ, ಪ್ರಿಂಟರ್ ಶಾಯಿ, ಪೋಸ್ಟರ್ ಕಲರ್. ‘ಮೈಸೂರಿನದೇ ಇಂಕ್ ಇದೆಯಲ್ಲ, ಅದು ಹಾಕಬಹುದಾ?’ ಎಂದೂ ಕೇಳುವವರಿದ್ದಾರೆ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚಲು ಮಾಡಿಕೊಡುತ್ತಿರುವ ಶಾಯಿ ಅದು. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮಕ್ಕೆ ತಾಗಿ ಬೆಳಕು ಬಿದ್ದಾಗ ಕಪ್ಪಾಗಿ ವಾರಗಟ್ಟಲೆ ಉಳಿಯುತ್ತದೆ. ಊರಿನ ಅಭಿಮಾನ ಇರಲಿ, ಪೆನ್ನಿಗೆ ಅದು ಅಲ್ಲ.

ಹಳೇ ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಕೂತಿದ್ದ ಬಾಟಲಿ ಕಂಡರೆ, ಉದಾಹರಣೆಗೆ ಬೆಂಗಳೂರಿನ ಚೆಲ್‌ಪಾರ್ಕ್, ಕೊಳ್ಳುವ ಮೊದಲು ಮುಚ್ಚಳ ತೆಗೆದು ನೋಡಿ. ಮೇಲೆ ಪೊರೆ ತೇಲುತ್ತಿದ್ದರೆ, ಮುಗ್ಗಲು ವಾಸನೆ ಬಂದರೆ, ಕಡ್ಡಿ ಅದ್ದಿದಾಗ ಲೋಳೆ ಎಳೆಯಾಗಿ ಬಂದರೆ ಬೂಷ್ಟು ಹಿಡಿದಿದೆ. ಅದನ್ನು ಸೋಸಿ ಬಳಸುವ ಜಾಣತನ ಬೇಡ. ಒಂದು ಪೆನ್ನಿಗೆ ಹತ್ತಿದ ಬೂಷ್ಟು ಆ ಪೆನ್ನಿನ ಮೂಲಕ ಮನೆಯ ಬೇರೆ ಬಾಟಲಿಗಳಿಗೂ ದಾಟುತ್ತದೆ. ಇದೇ ಕಾರಣಕ್ಕೆ ಪೆನ್ನಿನಲ್ಲಿ ಉಳಿದ ಹಳೇ ಶಾಯಿಯನ್ನು ಬಾಟಲಿಗೆ ವಾಪಸ್ ಸುರಿಯಬಾರದು. ಬಾಟಲಿಯನ್ನು ಅದರ ರಟ್ಟಿನ ಡಬ್ಬಿಯಲ್ಲೇ, ಬಿಸಿಲು ಬೀಳದ ಕಡೆ ಇಡಿ. ಎರಡು ಕಂಪನಿಯ ಶಾಯಿ ಬೆರೆಸುವ ಹುಕಿ ಬಂದರೆ, ಗಾಜಿನ ಪುಟ್ಟ ಸೀಸೆಯಲ್ಲಿ ಚೂರು ಬೆರೆಸಿ ಒಂದು ದಿನ ಬಿಟ್ಟು ನೋಡಿ. ತಳದಲ್ಲಿ ಗಷ್ಟು ಕೂತಿದ್ದರೆ ಚೆಲ್ಲಿಬಿಡಿ.

5. ಮೊದಲ ತೊಳೆತ, ಮೊದಲ ತುಂಬು

ಹೊಸ ಪೆನ್ನನ್ನು ತೊಳೆಯದೆ ಶಾಯಿ ತುಂಬಬೇಡಿ. ತಯಾರಿಕೆಯಲ್ಲಿ ಬಳಸಿದ ಎಣ್ಣೆಯ ಅಂಶ ಫೀಡಿನಲ್ಲಿ ಉಳಿದಿರುತ್ತದೆ, ಶಾಯಿ ಅದರ ಮೇಲೆ ನಿಲ್ಲುವುದಿಲ್ಲ. ‘ಹೊಸ ಪೆನ್ನು, ಆದರೂ ತಡೆದು ತಡೆದು ಬರೆಯುತ್ತೆ’ ಎನ್ನುವ ದೂರಿಗೆ ಮೊದಲ ಮದ್ದು ಇದೇ.

ಒಂದು ಲೋಟ ತಣ್ಣೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಕನ್ವರ್ಟರ್ ಸಿಕ್ಕಿಸಿ, ನಿಬ್ಬು ಮುಳುಗಿಸಿ, ಹತ್ತು ಸಲ ಎಳೆದು ಬಿಡಿ. ಆಮೇಲೆ ಬರೀ ನೀರಿನಲ್ಲಿ ನೊರೆ ಹೋಗುವವರೆಗೆ ಅದೇ ಕೆಲಸ. ಸೋಪು ಉಳಿದರೆ ಶಾಯಿ ಅತಿಯಾಗಿ ಹರಿದು ಹಾಳೆಯಲ್ಲೆಲ್ಲ ಹರಡುತ್ತದೆ.

ಇಲ್ಲಿ ನೀರಿನ ಮಾತು. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ, ಅದೇ ಲವಣ ಫೀಡಿನ ಕಾಲುವೆಯಲ್ಲೂ ಕೂರುತ್ತದೆ. ಕಾಲುವೆ ಕೂದಲೆಳೆಯಷ್ಟು ಸಣ್ಣದಿರುವಾಗ ಸ್ವಲ್ಪವೇ ಸಾಕು. ಮಂಡ್ಯ ಕಡೆಯ ಊರುಗಳಲ್ಲಿ, ಮೈಸೂರಿನ ಹೊರವಲಯದ ಬಡಾವಣೆಗಳಲ್ಲಿ ಬೋರ್ ನೀರು ಬಳಸುವವರು ಮೊದಲ ತೊಳೆತವನ್ನು ನಲ್ಲಿಯಲ್ಲೇ ಮಾಡಿ, ಕೊನೆಯ ಎರಡು ಸುತ್ತನ್ನು ಆರ್‌ಒ ಫಿಲ್ಟರ್ ನೀರಿನಲ್ಲಿ ಮುಗಿಸಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇನ್ನೂ ಒಳ್ಳೆಯದು. ಬ್ಯಾಟರಿ ಅಂಗಡಿಯಲ್ಲಿ ಆ್ಯಸಿಡ್ ಕ್ಯಾನುಗಳೂ ಪಕ್ಕದಲ್ಲೇ ಇರುತ್ತವೆ, ಲೇಬಲ್ ಓದದೆ ತರಬೇಡಿ.

ಈಗ ತುಂಬುವುದು. ಕನ್ವರ್ಟರನ್ನು ಕಡೆಯವರೆಗೆ ಒತ್ತಿ ಸಿಕ್ಕಿಸಿ. ಅರ್ಧ ಕೂತರೆ ಗಾಳಿ ಎಳೆಯುತ್ತದೆ. ಪಿಸ್ಟನ್ ಕೆಳಗಿಳಿಸಿ. ನಿಬ್ಬು ಪೂರ್ತಿ, ಸೆಕ್ಷನ್ನಿನ ಅಂಚು ತಾಗುವವರೆಗೆ ಶಾಯಿಯಲ್ಲಿ ಮುಳುಗಲಿ. ತುದಿ ಮಾತ್ರ ಅದ್ದಿದರೆ ಬರುವುದು ಗುಳ್ಳೆಯೇ. ನಿಧಾನವಾಗಿ ಮೇಲೆಳೆಯಿರಿ, ಮತ್ತೆ ಬಿಡಿ, ಮತ್ತೆ ಎಳೆಯಿರಿ. ಎರಡನೇ ಸಲಕ್ಕೆ ಗಾಳಿ ಹೊರಹೋಗಿ ಚೆನ್ನಾಗಿ ತುಂಬುತ್ತದೆ. ಐದಾರು ಸೆಕೆಂಡು ಹಾಗೇ ಹಿಡಿದು ಹೊರತೆಗೆಯಿರಿ. ಎರಡು ಮೂರು ಹನಿ ಬಾಟಲಿಗೆ ಬಿಟ್ಟು, ನಿಬ್ಬು ಮೇಲೆ ಮಾಡಿ ಪಿಸ್ಟನ್ ಉಳಿದಷ್ಟು ಎಳೆದುಬಿಡಿ. ಫೀಡಿನಲ್ಲಿ ತುಂಬಿ ನಿಂತ ಹೆಚ್ಚಿನ ಶಾಯಿ ಒಳಗೆ ಹೋಗುತ್ತದೆ. ಇದೊಂದು ಹೆಜ್ಜೆ ಬಿಟ್ಟವರೇ ಮೊದಲ ಸಾಲಿನಲ್ಲಿ ದೊಡ್ಡ ಹನಿ ಬೀಳಿಸಿಕೊಳ್ಳುವುದು. ಸೆಕ್ಷನ್ನನ್ನು ಟಿಶ್ಯೂನಿಂದ ಒರೆಸಿ. ಸೀಳಿನ ಮೇಲೆ ಒತ್ತಿ ಒರೆಸಿದರೆ ಟಿಶ್ಯೂ ಶಾಯಿ ಹೀರುತ್ತಲೇ ಇರುತ್ತದೆ, ಅದರ ಎಳೆಯೂ ಸೀಳಿಗೆ ಸಿಕ್ಕಿಕೊಳ್ಳುತ್ತದೆ.

ಐಡ್ರಾಪರ್ ಆದರೆ ಸೆಕ್ಷನ್ನಿನ ಥ್ರೆಡ್ಡಿಗೆ (ಬ್ಯಾರೆಲ್ಲಿಗೆ ತಿರುಗಿಸಿ ಕೂರಿಸುವ ಸುತ್ತುಗೆರೆಗಳಿಗೆ) ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ವಾಟರ್ ಫಿಲ್ಟರ್ ಸರ್ವಿಸ್ ಮಾಡುವವರು ರಬ್ಬರ್ ರಿಂಗಿಗೆ ಹಚ್ಚುವುದು ಇದನ್ನೇ. ವ್ಯಾಸಲೀನ್ ಬೇಡ, ರಬ್ಬರ್ ರಿಂಗ್ ಉಬ್ಬಿ ಕೆಡುತ್ತದೆ. ಶಾಯಿ ಥ್ರೆಡ್‌ವರೆಗೆ ಬರದಂತೆ, ಸುಮಾರು ಅರ್ಧ ಸೆಂಟಿಮೀಟರ್ ಕೆಳಗೆ ನಿಲ್ಲಿಸಿ, ಬ್ಯಾರೆಲ್ ನೆಟ್ಟಗೆ ಹಿಡಿದು ತಿರುಗಿಸಿ ಕೂರಿಸಿ.

6. ಹಾಳೆ

ಒಳ್ಳೆಯ ಪೆನ್ನು, ಒಳ್ಳೆಯ ಶಾಯಿ, ಕೆಟ್ಟ ಹಾಳೆ: ಫಲ ಕೆಟ್ಟದ್ದೇ. ಕಾರ್ಖಾನೆಯಲ್ಲಿ ಹಾಳೆಗೆ ಗಂಜಿಯಂಥ ಪದಾರ್ಥ ಸೇರಿಸಿ ಅದು ಶಾಯಿ ಹೀರದಂತೆ ಮಾಡಿರುತ್ತಾರೆ. ಗಂಜಿ ಕಡಿಮೆಯಾದರೆ ಅಕ್ಷರದ ಅಂಚಿನಲ್ಲಿ ಸಣ್ಣ ಬೇರುಗಳಂತೆ ಶಾಯಿ ಹರಡುತ್ತದೆ, ಹಿಂಬದಿಗೂ ಇಳಿಯುತ್ತದೆ. ಹಾಳೆಯ ತೂಕ ಹೇಳುವ ಜಿಎಸ್‌ಎಂ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. 100 ಜಿಎಸ್‌ಎಂನ ಒರಟು ಹಾಳೆಗಿಂತ 75ರ ನುಣುಪು ಹಾಳೆಯಲ್ಲಿ ಚೆನ್ನಾಗಿ ಬರೆಯಬಹುದಾದ ಉದಾಹರಣೆ ಬೇಕಷ್ಟಿವೆ. ಬಿಡಿ ಹಾಳೆಗೆ 85 ಜಿಎಸ್‌ಎಂ ಆಸುಪಾಸಿನ ಬಾಂಡ್ ಪೇಪರ್ ಸುರಕ್ಷಿತ ಆಯ್ಕೆ. ನೋಟ್‌ಬುಕ್ ಕೊಳ್ಳುವಾಗ ಪೆನ್ನು ಜೊತೆಗಿರಲಿ. ಒಂದು ಪುಸ್ತಕ ಕೊಂಡು ಕೊನೆಯ ಪುಟದಲ್ಲಿ ಮೂರು ಸಾಲು ಬರೆದು, ಒಂದು ನಿಮಿಷ ಬಿಟ್ಟು ಹಿಂಬದಿ ನೋಡಿ. ಸರಿಯಾಗಿದ್ದರೆ ಮಾತ್ರ ಡಜನ್ ಕೊಳ್ಳಿ.

ಮಳೆಗಾಲದಲ್ಲಿ ತೇವ ಹಿಡಿದ ಹಾಳೆ ಹೆಚ್ಚು ಹರಡುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಕಾಟ. ಅಂಗೈಯ ಬೆವರು, ಕೊಬ್ಬರಿ ಎಣ್ಣೆ ಹಚ್ಚಿದ ತಲೆ ಸವರಿದ ಕೈಯ ಜಿಡ್ಡು ಹಾಳೆಗೆ ತಾಗಿ, ಪುಟದ ಕೆಳಭಾಗಕ್ಕೆ ಬರುವಷ್ಟರಲ್ಲಿ ಪೆನ್ನು ಅಲ್ಲಲ್ಲಿ ಬಿಟ್ಟು ಬಿಟ್ಟು ಬರೆಯುತ್ತದೆ. ಪೆನ್ನನ್ನು ಬೈಯುವ ಮೊದಲು ಅಂಗೈ ಕೆಳಗೊಂದು ತುಂಡು ಹಾಳೆ ಇಟ್ಟುಕೊಂಡು ನೋಡಿ.

ಪರೀಕ್ಷೆಗೆ ಒಯ್ಯುವವರು ಇಎಫ್ ಅಥವಾ ಎಫ್ ನಿಬ್ಬೇ ಒಯ್ಯಿರಿ. ಉತ್ತರಪತ್ರಿಕೆಯ ಎರಡೂ ಬದಿ ಬರೆಯಬೇಕಲ್ಲ. ಪ್ರವೇಶಪತ್ರದಲ್ಲಿ ಬಾಲ್ ಪೆನ್ನೇ ಬೇಕು ಎಂದಿದ್ದರೆ ಅದೇ ಕೊನೆಯ ಮಾತು. ಕಾರ್ಬನ್ ಇಟ್ಟು ಬರೆಯುವ ಚಲನ್, ರಸೀದಿಗೆ ಇಂಕ್ ಪೆನ್ನು ಆಗುವುದಿಲ್ಲ, ಒತ್ತಿದರೆ ನಿಬ್ಬು ಹೋಗುತ್ತದೆ. ಚೆಕ್ಕಿಗೆ, ಕರಾರುಪತ್ರಕ್ಕೆ ನೀರಿಗೆ ಹೋಗುವ ರಾಯಲ್ ಬ್ಲೂ ಬೇಡ.

7. ಹಿಡಿಯುವುದು

ಪೆನ್ನು ಹಾಳೆಗೆ 45ರಿಂದ 55 ಡಿಗ್ರಿ ಓರೆ. ನಿಬ್ಬಿನ ಮುಖ ಮೇಲಕ್ಕೆ, ಎರಡು ಕಾಲೂ ಸಮವಾಗಿ ಹಾಳೆಗೆ ತಾಗಬೇಕು. ಬಾಲ್ ಪೆನ್ನಿನ ರೂಢಿಯಿಂದ ಬಂದವರು ಒತ್ತುತ್ತಾರೆ, ಬೆರಳಲ್ಲಿ ಪೆನ್ನು ಹೊರಳಿಸುತ್ತಾರೆ. ಎರಡೂ ಬಿಡಬೇಕು. ಬರೆದ ಪುಟದ ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿ. ಉಬ್ಬು ತಾಗಿದರೆ ನೀವು ಒತ್ತುತ್ತಿದ್ದೀರಿ.

8. ಸೋರದಂತೆ ಒಯ್ಯುವುದು

ಸೋರುವುದು ಬಹುತೇಕ ಶಾಯಿಯ ತಪ್ಪಲ್ಲ, ಗಾಳಿಯದು. ಬ್ಯಾರೆಲ್ಲಿನೊಳಗಿನ ಗಾಳಿ ಬಿಸಿಯಾದರೆ ಹಿಗ್ಗಿ ಶಾಯಿಯನ್ನು ಹೊರಗೆ ತಳ್ಳುತ್ತದೆ. ಶಾಯಿ ಕಡಿಮೆಯಿದ್ದಷ್ಟೂ ಗಾಳಿ ಹೆಚ್ಚು, ತಳ್ಳಾಟವೂ ಹೆಚ್ಚು. ಐಡ್ರಾಪರ್‌ನಲ್ಲಿ ಮೂರನೇ ಒಂದು ಭಾಗಕ್ಕೆ ಇಳಿದಾಗಲೇ ಮತ್ತೆ ತುಂಬಿಕೊಳ್ಳಬೇಕು. ಏಪ್ರಿಲ್ ಬಿಸಿಲಲ್ಲಿ ಬೈಕ್ ಓಡಿಸುವಾಗ ಅಂಗಿಯ ಜೇಬು, ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡು, ಪ್ಯಾಂಟಿನ ಜೇಬು: ಮೂರೂ ಅಪಾಯದ ಜಾಗಗಳು.

ಎರಡನೆಯ ಕಾರಣ ಕುಲುಕು. ದಿನಾ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗಿ ಬರುವವರ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುವವರ ಬ್ಯಾಗಿನಲ್ಲಿ ಅಡ್ಡಡ್ಡ ಬಿದ್ದ ಪೆನ್ನು ಮುಚ್ಚಳದೊಳಗೆ ಶಾಯಿ ಕಾರುತ್ತದೆ. ನಿಬ್ಬು ಮೇಲಾಗಿ ನಿಲ್ಲುವಂತೆ ಸಿಕ್ಕಿಸಿ. ಇಳಿದ ಮೇಲೆ ಮುಚ್ಚಳ ತೆಗೆಯುವಾಗಲೂ ನಿಬ್ಬು ಮೇಲೇ ಇರಲಿ, ನಿಧಾನವಾಗಿ ತಿರುಗಿಸಿ. ವಿಮಾನಕ್ಕಾದರೆ ಪೂರ್ತಿ ತುಂಬಿ ಅಥವಾ ಪೂರ್ತಿ ಖಾಲಿ ಮಾಡಿ ಒಯ್ಯಿರಿ. ಬಿದ್ದ ಹನಿ ಹೀರಲು ಶಾಲೆಯ ಹಳೇ ಉಪಾಯ, ಒಂದು ತುಂಡು ಚಾಕ್‌ಪೀಸ್, ಈಗಲೂ ಬ್ಲಾಟಿಂಗ್ ಪೇಪರಿಗೆ ಸಮ.

ಬಟ್ಟೆಗೆ ತಾಗಿದರೆ ಒಣಗಲು ಬಿಡದೆ ತಣ್ಣೀರು ಹರಿಯಬಿಡಿ, ಬಟ್ಟೆಯ ಹಿಂಬದಿಯಿಂದ. ಉಜ್ಜಿದರೆ ಕಲೆ ಅಗಲವಾಗುತ್ತದೆ. ಬಿಸಿನೀರು, ಇಸ್ತ್ರಿ ಎರಡೂ ಕಲೆಯನ್ನು ಗಟ್ಟಿ ಮಾಡುತ್ತವೆ.

9. ತೊಳೆಯುವ ಲೆಕ್ಕ

ಮಾಮೂಲಿ ಶಾಯಿಯಾದರೆ ನಾಲ್ಕರಿಂದ ಆರು ವಾರಕ್ಕೊಮ್ಮೆ, ಬಣ್ಣ ಬದಲಿಸುವಾಗಲಂತೂ ತಪ್ಪದೆ. ಐರನ್ ಗಾಲ್‌ಗೆ ಎರಡು ಮೂರು ವಾರ. ಪಿಗ್ಮೆಂಟ್‌ಗೆ ವಾರ, ಹತ್ತು ದಿನ. ಹದಿನೈದು ದಿನಕ್ಕಿಂತ ಹೆಚ್ಚು ಬರೆಯುವುದಿಲ್ಲ ಎಂದು ಗೊತ್ತಿದ್ದರೆ ಖಾಲಿ ಮಾಡಿ, ತೊಳೆದು ಎತ್ತಿಡಿ.

ಸೆಕ್ಷನ್ನಿನ ಹಿಂಬದಿಯಿಂದ ನೀರು ನೂಕಲು ಮೆಡಿಕಲ್ ಶಾಪಿನ 5 ಮಿ.ಲೀ. ಸಿರಿಂಜ್ ಸಾಕು, ಸೂಜಿ ಬೇಡ. ಬಣ್ಣ ನಿಲ್ಲುವವರೆಗೆ ತೊಳೆದ ಮೇಲೂ ಫೀಡಿನಲ್ಲಿ ಶಾಯಿ ಇದ್ದೇ ಇರುತ್ತದೆ. ನಿಬ್ಬನ್ನು ಮಡಿಸಿದ ಟಿಶ್ಯೂ ಮೇಲೆ ಒಂದು ನಿಮಿಷ ಒರಗಿಸಿ. ಬಣ್ಣ ಇಳಿದರೆ ಮತ್ತೆ ಒಂದೆರಡು ಗಂಟೆ ನೀರಿನಲ್ಲಿ ನೆನೆಹಾಕಿ. ಕೊನೆಗೆ ನಿಬ್ಬು ಕೆಳಗೆ ಮಾಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಂದು ದಿನ ನೆರಳಲ್ಲಿ ಒಣಗಲಿ.

ಬಿಸಿನೀರು, ಸ್ಪಿರಿಟ್, ನೇಲ್ ಪಾಲಿಶ್ ರಿಮೂವರ್, ಥಿನ್ನರ್ ತಾಗಿಸಬೇಡಿ. ಪ್ಲಾಸ್ಟಿಕ್ ಬಿರುಕು ಬಿಡುತ್ತದೆ ಅಥವಾ ಕರಗುತ್ತದೆ. ಎಬೊನೈಟ್ ಬಿಸಿಲಿಗೆ, ಬಿಸಿನೀರಿಗೆ ಬಣ್ಣಗೆಟ್ಟು ಕಂದಾಗುತ್ತದೆ. ನಿಬ್ಬು, ಫೀಡ್ ಕಿತ್ತು ತೆಗೆಯುವ ಆತುರವೂ ಬೇಡ. ಕೆಲವು ಪೆನ್ನುಗಳಲ್ಲಿ ಅವು ಎಳೆದರೆ ಬರುತ್ತವೆ, ಕೆಲವಲ್ಲಿ ತಿರುಗಿಸಿದರೆ, ಇನ್ನು ಕೆಲವಲ್ಲಿ ಬರುವುದೇ ಇಲ್ಲ. ಇಕ್ಕಳ ಹಾಕಿದ ದಿನವೇ ಆ ನಿಬ್ಬಿಗೆ ಕೊನೆ.

10. ಬರೆಯದಿದ್ದರೆ ಎಲ್ಲಿ ಹುಡುಕಬೇಕು

ಬೆಳಿಗ್ಗೆ ಮೊದಲ ಅಕ್ಷರ ಮೂಡುವುದಿಲ್ಲ, ಆಮೇಲೆ ಸರಿಯಾಗುತ್ತದೆ: ಮುಚ್ಚಳದಲ್ಲಿ ಗಾಳಿ ಆಡುತ್ತಿದೆ, ನಿಬ್ಬು ಒಣಗುತ್ತಿದೆ. ಮುಚ್ಚಳ ಪೂರ್ತಿ ಬಿಗಿಯಾಗಿದೆಯೇ, ಬಿರುಕಿದೆಯೇ ನೋಡಿ.

ಅರ್ಧ ಪುಟ ಬರೆದ ಮೇಲೆ ನಿಧಾನವಾಗಿ ತೆಳುವಾಗಿ ನಿಂತುಹೋಗುತ್ತದೆ: ಕನ್ವರ್ಟರಿನಲ್ಲಿ ಶಾಯಿ ಹಿಂದಿನ ತುದಿಗೆ ಅಂಟಿ ನಿಂತಿರಬಹುದು. ಬೆರಳಲ್ಲಿ ತಟ್ಟಿ ಇಳಿಸಿ. ಪದೇ ಪದೇ ಆದರೆ ಸೋಪು ಹನಿಯ ನೀರಿನಲ್ಲಿ ಕನ್ವರ್ಟರ್ ತೊಳೆಯಿರಿ. ಆದರೂ ಹೋಗದಿದ್ದರೆ ಫೀಡ್ ಕಟ್ಟಿಕೊಂಡಿದೆ, ರಾತ್ರಿಯಿಡೀ ನೆನೆಹಾಕಿ.

ಒಂದು ದಿಕ್ಕಿಗೆ ಕೆರೆಯುತ್ತದೆ: ಭೂತಗನ್ನಡಿಯಲ್ಲಿ ಯಾವ ಕಾಲು ಕೆಳಗಿದೆ ನೋಡಿ, ಹೆಬ್ಬೆರಳಿನ ಉಗುರಿನಿಂದ ಅದನ್ನು ಚೂರೇ ಚೂರು ಮೇಲಕ್ಕೆ ಒತ್ತಿ, ಬರೆದು, ಮತ್ತೆ ನೋಡಿ. ಒಂದೇ ಸಲಕ್ಕೆ ಸರಿಮಾಡಲು ಹೋದರೆ ಇನ್ನೊಂದು ಕಡೆಗೆ ಬಾಗುತ್ತದೆ. ಉಪ್ಪುಕಾಗದ, ಬೆಂಕಿಪೊಟ್ಟಣದ ಪಕ್ಕಕ್ಕೆ ಉಜ್ಜುವುದು, ಸೀಳಿಗೆ ಬ್ಲೇಡ್ ಹಾಕಿ ಅಗಲಿಸುವುದು ಬೇಡವೇ ಬೇಡ. ತುದಿಯ ಗುಂಡು ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಸೀಳಿನಲ್ಲಿ ಹಾಳೆಯ ನಾರು ಸಿಕ್ಕಿದ್ದರೆ, 0.05 ಮಿ.ಮೀ. ದಪ್ಪದ ಹಿತ್ತಾಳೆ ತಗಡಿನ ಚೂರನ್ನು ಮೇಲಿನಿಂದ ತುದಿಯ ಕಡೆಗೆ ಮೆಲ್ಲಗೆ ಜಾರಿಸಬಹುದು. ಕೈ ನಡುಗುವವರು ನೀರಿನಲ್ಲಿ ನೆನೆಸಿಯೇ ನೋಡಿ.

ನಿಬ್ಬು ಕೆಳಗಾಗಿ ನೆಲಕ್ಕೆ ಬಿದ್ದು ಬಾಗಿದ್ದರೆ, ಕಡಿಮೆ ಬೆಲೆಯ ಪೆನ್ನಿಗೆ ಹೊಸ ನಿಬ್ಬು ಹಾಕಿಸುವುದೇ ಲಾಭ.

ಅಟ್ಟದ ಮೇಲೆ ಅಪ್ಪನದೋ ತಾತನದೋ ಪೆನ್ನು ಸಿಕ್ಕಿದೆ ಎನ್ನುವವರಿಗೆ ಇಷ್ಟು: ತಿರುಗಿಸಲು, ಒಳಗಿನ ರಬ್ಬರ್ ಚೀಲ ಒತ್ತಲು, ಪಕ್ಕದ ಲಿವರ್ ಎತ್ತಲು ಹೋಗಬೇಡಿ. ರಬ್ಬರ್ ಒಣಗಿ ಕಲ್ಲಾಗಿರುತ್ತದೆ, ಲಿವರ್ ಎತ್ತಿದರೆ ಪುಡಿಯಾಗುತ್ತದೆ, ಜೋರು ಮಾಡಿದರೆ ಬ್ಯಾರೆಲ್ಲೂ ಸೀಳುತ್ತದೆ. ನಿಬ್ಬಿನ ಭಾಗ ಮಾತ್ರ ತಣ್ಣೀರಿನಲ್ಲಿ ಮುಳುಗುವಂತೆ ಲೋಟದಲ್ಲಿ ನಿಲ್ಲಿಸಿ, ಬಣ್ಣ ಬಿಡುವುದು ನಿಲ್ಲುವವರೆಗೆ ನೀರು ಬದಲಿಸುತ್ತಿರಿ. ನಿಬ್ಬಿನ ಮೇಲೆ 14ಕೆ ಅಥವಾ 585 ಎಂದಿದ್ದರೆ ಅದು ಚಿನ್ನದ ನಿಬ್ಬು. ಒರೆಸುವಾಗಲೂ ಒತ್ತಬೇಡಿ, ಸ್ಟೀಲಿಗಿಂತ ಬೇಗ ಬಾಗುತ್ತದೆ. ರಬ್ಬರ್ ಚೀಲ ಬದಲಿಸುವ ಕೆಲಸವನ್ನು ಹಳೇ ಪೆನ್ನು ಬಿಚ್ಚಿ ಗೊತ್ತಿರುವವರಿಗೇ ಕೊಡಿ, ಅಲ್ಲಿಯವರೆಗೆ ಅದೇ ನಿಬ್ಬನ್ನು ಶಾಯಿಯಲ್ಲಿ ಅದ್ದಿ ಬರೆಯಲು ಯಾವ ಅಡ್ಡಿಯೂ ಇಲ್ಲ.